ಇರುವವರಿಗೊಂದು ಚೌಕಟ್ಟು

ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಎರಡನೆಯ ಮಹಡಿಯಲ್ಲಿ, ಬಾಟಲಿಯ ಮುಚ್ಚಳ ಮಾಡುವ ಕಾರ್ಖಾನೆಗೂ ಹಲ್ಲುಜ್ಜುವ ಬ್ರಷ್ಷಿನ ಗೋದಾಮಿಗೂ ನಡುವೆ, ಸತ್ಯಮೂರ್ತಿಯವರ ಸತ್ಯ ಗ್ರಾಫಿಕ್ಸ್ ಇತ್ತು. 1992ರ ಮಾತು. ಮೈಸೂರು ಕಡೆಯ ಸತ್ಯಮೂರ್ತಿ ಮುಂಬಯಿಯ ಒಂದು ಪತ್ರಿಕೆಯಲ್ಲಿ ಅರ್ಧ ಆಯುಷ್ಯ ಕಳೆದವರು. ಫೋಟೋಗಳನ್ನು ಅಚ್ಚಿಗೆ ಒಗ್ಗುವ ಚುಕ್ಕಿಗಳಾಗಿ ಒಡೆದು ಫಿಲ್ಮ್ ಮಾಡುವುದು ಅಲ್ಲಿ ಅವರ ಕೆಲಸವಾಗಿತ್ತು. ನಿವೃತ್ತಿಗೆ ಮೊದಲೇ ಹೊರಬಂದು ಒಂದು ಮ್ಯಾಕಿಂಟೋಶ್ ಕಂಪ್ಯೂಟರ್, ಒಂದು ಸ್ಕ್ಯಾನರ್, ಒಂದು ಲೇಸರ್ ಪ್ರಿಂಟರ್ ಕೊಂಡು ಅಂಗಡಿ ತೆರೆದಿದ್ದರು.

ಅಲ್ಲಿ ರಾಜೀವಿ ಪೇಸ್ಟಿಂಗ್ ಮೇಜಿನಲ್ಲಿದ್ದಳು. ಉಡುಪಿ ಕಡೆಯಿಂದ ಬಂದು ಮಲಾಡಿನಲ್ಲಿ ನೆಲೆಸಿದ ಮನೆಯವಳು. ದಾದರಿನಲ್ಲಿ ಕಮರ್ಷಿಯಲ್ ಆರ್ಟ್ ಡಿಪ್ಲೊಮಾ ಮಾಡಿದ್ದಳು. ಅಕ್ಷರದ ಪಟ್ಟಿಗಳನ್ನೂ ಫೋಟೋಗಳನ್ನೂ ಕತ್ತರಿಸಿ, ಅಂಟಿಸಿ, ಪುಟ ಕಟ್ಟುವುದರಲ್ಲಿ ಅವಳ ಕೈ ಸಾಣೆ ಹಿಡಿದಂತಿತ್ತು. ಆದರೆ ಕತ್ತರಿ ಅಂಟಿನ ಕಾಲ ಮುಗಿಯುತ್ತ ಬಂತೆಂದು ಎಸ್ಟೇಟಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ಮಳೆಗಾಲ ಕಂಪ್ಯೂಟರ್ ಆಪರೇಟರ್ ದುಬೈಗೆ ಹಾರಿದ. ಅವನು ಖಾಲಿ ಮಾಡಿದ ಜಾಗದಲ್ಲಿ ರಾಜೀವಿ ತಾನಾಗಿ ಹೋಗಿ ಕೂತಳು. ದಪ್ಪ ಮ್ಯಾನ್ಯುಅಲ್ ತೊಡೆಯ ಮೇಲಿಟ್ಟುಕೊಂಡು ಫೋಟೋಶಾಪ್ ಕಲಿತಳು. ಸತ್ಯಮೂರ್ತಿ ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಹೋಟೆಲಿಗರ ಸಂಘದ ಕೆಲಸ ಬಂದಾಗ ಮಾತ್ರ ಕರೆದು ಹೇಳಿದರು.

"ನೋಡಮ್ಮ, ಇದು ನಿನ್ ಪರೀಕ್ಷೆ ಅಂತ್ಲೇ ಇಟ್ಕೊ. ಈ ಸಂಚಿಕೆ ಸರಿಯಾಗಿ ಹೊರಗೆ ಹೋದ್ರೆ ಮೆಷಿನ್ನು ನಿಂದು. ಎಡವಿದ್ಯೋ, ಅಂಧೇರೀಲಿ ಕೋರ್ಸ್ ಮುಗಿಸಿರೋ ಒಬ್ಬ ಆಪರೇಟರನ್ನ ಮಾತಾಡಿಸಿಟ್ಟಿದೀನಿ. ನೀನು ಪೇಸ್ಟಿಂಗಿಗೆ ವಾಪಸ್."

"ಆಯ್ತು ಸಾರ್," ಅಂದಳು ರಾಜೀವಿ.

ಕೆಲಸ ಇಷ್ಟು. ಪಶ್ಚಿಮ ಉಪನಗರದ ಕರಾವಳಿ ಹೋಟೆಲಿಗರ ಸಂಘಕ್ಕೆ ಇಪ್ಪತ್ತೈದು ತುಂಬುವ ಸಂಭ್ರಮ. ಸ್ಮರಣ ಸಂಚಿಕೆಯಲ್ಲಿ ಪ್ರತಿಯೊಬ್ಬ ಸದಸ್ಯನ ಫೋಟೋ ಬರಬೇಕು, ಎಲ್ಲರದೂ ಒಂದೇ ತರಹ ಕಾಣಬೇಕು. ಬಂದ ಫೋಟೋಗಳು ಮಾತ್ರ ಒಂದೊಂದು ಒಂದೊಂದು ಜಾತಿ. ಪಾಸ್‌ಪೋರ್ಟ್ ಅಳತೆಯವು, ಮದುವೆಯ ಗುಂಪಿನಿಂದ ಕತ್ತರಿಸಿದವು, ಸ್ಟುಡಿಯೋದ ಬಣ್ಣದ ಪರದೆಯ ಮುಂದೆ ಗಲ್ಲಕ್ಕೆ ಕೈ ಕೊಟ್ಟು ಕೂತವು. ಒಬ್ಬರ ಹೆಗಲ ಮೇಲೆ ಯಾರದೋ ಕೈ ಮಾತ್ರ ಉಳಿದಿತ್ತು. ಇವಕ್ಕೆಲ್ಲ ಒಂದೇ ಚೌಕಟ್ಟು ಹಾಕಿದರೆ ಒಂದು ಮನೆಯವರಂತೆ ಕಂಡಾರು ಎಂಬುದು ರಾಜೀವಿಯ ಲೆಕ್ಕ. ಚೌಕಟ್ಟನ್ನು ಪ್ರತಿ ಫೋಟೋಗೂ ಹೊಸದಾಗಿ ಬರೆಯುವುದಲ್ಲ. ಒಂದೇ ಸಲ ಮಾಡುವುದು, ಬೇಕಾದಷ್ಟು ಸಲ ಬಳಸುವುದು.

ದಾರಿಯನ್ನು ಅವಳು ಮ್ಯಾನ್ಯುಅಲ್ಲಿನಿಂದ ಹೆಕ್ಕಿದ್ದಳು. ಚೌಕಟ್ಟು ಒಂದು ಫೈಲು. ಅದರ ನಡುವೆ ಫೋಟೋ ಕೂರುವ ಕಿಟಕಿ ಎಲ್ಲಿದೆ ಎಂಬ ಗುರುತನ್ನು ಅದೇ ಫೈಲಿನೊಳಗೆ ಒಂದು ಮಾಸ್ಕ್ ಆಗಿ, ಕಪ್ಪುಬಿಳುಪಿನ ಅಚ್ಚಿನ ಹಾಗೆ, ಉಳಿಸಿಡಬಹುದು. ಕಿಟಕಿಯನ್ನು ಕರೆದು, ಫೋಟೋವನ್ನು ಅದರೊಳಕ್ಕೆ ಅಂಟಿಸಿದರೆ, ಹೊರಗೆ ಚಾಚಿದ್ದೆಲ್ಲ ತಾನಾಗಿ ಮರೆಯಾಗುತ್ತದೆ. ಆಮೇಲೆ ಬೇರೆ ಹೆಸರು ಕೊಟ್ಟು ಉಳಿಸಬೇಕು. ಅದೇ ಹೆಸರಿನಲ್ಲಿ ಉಳಿಸಿದರೆ ಚೌಕಟ್ಟಿನೊಳಗೆ ಆ ಮುಖ ಶಾಶ್ವತವಾಗಿ ನಿಂತುಬಿಡುತ್ತದೆ. ಅಂಟಿಸಿದ್ದನ್ನು ಆ ಕಾಲದ ಫೋಟೋಶಾಪಿನಲ್ಲಿ ಮತ್ತೆ ಬಿಡಿಸಿ ತೆಗೆಯುವ ಹಾಗಿರಲಿಲ್ಲ.

ಮೊದಲ ವಾರವೆಲ್ಲ ಅವಳು ಚೌಕಟ್ಟಿನ ಸುದ್ದಿಗೇ ಹೋಗಲಿಲ್ಲ. ಎಲ್ಲ ಫೋಟೋಗಳನ್ನು ಸ್ಕ್ಯಾನ್ ಮಾಡಿ, ಒಂದೇ ಅಳತೆಗೆ ತಂದು, ಎಲ್ಲರ ಕಣ್ಣುಗಳೂ ಒಂದೇ ಗೆರೆಯ ಮೇಲೆ ಬರುವಂತೆ ಕೂರಿಸಿ, ಬೇರೆಬೇರೆ ಫೈಲಾಗಿ ಇಟ್ಟಳು. ಸತ್ಯಮೂರ್ತಿ ಬೆನ್ನ ಹಿಂದೆ ನಿಂತು ಗೊಣಗಿದರು. "ಇನ್ನೂ ಒಂದು ಪುಟ ಹುಟ್ಟಿಲ್ಲ. ಇವರ ಕಣ್ಣು ಮೇಲೆ ಕೆಳಗೆ ಇದ್ರೆ ಯಾರಮ್ಮ ಅಳೀತಾರೆ?"

"ಅಳೆಯುವುದಿಲ್ಲ ಸಾರ್. ಆದ್ರೆ ಗೊತ್ತಾಗ್ತದೆ."

ಚೌಕಟ್ಟಿಗೆ ಏನು ಎಂಬ ಯೋಚನೆ ಬಂದದ್ದು ಮಲಾಡ್ ಸ್ಟೇಷನ್ನಿನ ಹೊರಗೆ. ಹೂವಿನವಳ ಬುಟ್ಟಿಯಲ್ಲಿ ಒತ್ತಾಗಿ ಕಟ್ಟಿದ ಮಲ್ಲಿಗೆಯ ದಂಡೆ ಇತ್ತು. ರಾಜೀವಿ ಒಂದು ಮೊಳ ಕೊಂಡು, ಮುಡಿಯದೆ, ಕಾಂದಿವಲಿಗೆ ಒಯ್ದಳು. ಸ್ಕ್ಯಾನರಿನ ಗಾಜಿನ ಮೇಲೆ ನೇರವಾಗಿ ಹಾಸಿ, ಮುಚ್ಚಳ ತೆರೆದೇ ಇಟ್ಟಳು. ಹಿನ್ನೆಲೆ ಕಗ್ಗಪ್ಪಾಗಿ, ಒಂದೊಂದು ಎಸಳೂ ಮುತ್ತಿನಂತೆ ಎದ್ದು ಬಂತು.

ಪಕ್ಕದ ಮೇಜಿನ ನೀಲಾಬಾಯಿ ಪೇಸ್ಟಿಂಗ್ ಬಿಟ್ಟು ಎದ್ದು ಬಂದಳು. ಸೊಲ್ಲಾಪುರದ ಕಡೆಯವಳು, ಪರೇಲಿನ ಚಾಳಿನಲ್ಲಿ ವಾಸ. "ಹೂವಿಗೂ ಎಕ್ಸರೇ ತಗೀತಿ ಏನವಾ? ಏನಾಗೇತಿ ಅದಕ್ಕ?"

"ಏನೂ ಆಗಿಲ್ಲ ನೀಲಕ್ಕ. ಹುಷಾರಾಗಿ ಉಂಟು."

ಒಂದು ಮೂಲೆಯನ್ನು ಅವಳು ಬಹಳ ಕಷ್ಟಪಟ್ಟು ಮಾಡಿದಳು. ಹೂವು ಹೂವಿಗೆ ಸೇರಿ ದಾರ ಕಾಣದ ಹಾಗೆ. ಅದನ್ನೇ ಮಗುಚಿ ಬಲ ಮೂಲೆ, ಎರಡನ್ನೂ ತಲೆಕೆಳಗು ಮಾಡಿ ಕೆಳಗಿನ ಮೂಲೆಗಳು. ನಡುವೆ ಖಾಲಿ ಕಿಟಕಿ. ಪ್ರಿಂಟ್ ತೆಗೆದು ಎಲ್ಲರಿಗೂ ತೋರಿಸಿದಳು. ಸತ್ಯಮೂರ್ತಿ ಭೂತಗನ್ನಡಿ ಹಿಡಿದು ಮೂಲೆಯ ಕೀಲು ಹುಡುಕಿ, ಸಿಗದೆ, ತಲೆಯಾಡಿಸಿದರು. ಸಂಘದ ಕಾರ್ಯದರ್ಶಿ ಸೀನಣ್ಣ ಆ ದಿನವೇ ಬಂದಿದ್ದರು. ಮಲಾಡಿನಲ್ಲಿ ಹೋಟೆಲಿನವರು, ರಾಜೀವಿಯ ತಂದೆಯ ಕಾಲದ ಪರಿಚಯ.

"ಫಸ್ಟ್ ಕ್ಲಾಸ್ ಮಾರಾಯ್ತಿ," ಅಂದರು ಸೀನಣ್ಣ. "ನಮ್ಮೂರ ಮಲ್ಲಿಗೆ ಅಲ್ವಾ? ಎಲ್ಲರ ಸುತ್ತ ಇದೇ ಇರ್ಲಿ. ಭಾನುವಾರ ಕಮಿಟಿ ಉಂಟು, ನಾಲ್ಕು ಪುಟ ತೆಗೆದುಕೊಂಡು ನೀನೇ ಬಾ."

ಶನಿವಾರ ಅವಳು ನಾಲ್ಕು ಪುಟ ಕಟ್ಟಿದಳು. ಪ್ರತಿ ಫೋಟೋ ಅಂಟಿಸಿದಾಗಲೂ ಅಂಚು ಸರಿಯಾಗಿ ಕೂತಿತೇ ಎಂದು ನೋಡಿದಳು. ಅಂಚು ಕೂತಿತ್ತು. ಮುಖ ನೋಡಿದಳು, ಕಪ್ಪುಬಿಳುಪು ಹದವಾಗಿತ್ತು. ಎರಡನ್ನೂ ಸೇರಿಸಿ, ಪುಟವನ್ನು ಒಂದು ಮಾರು ದೂರ ಹಿಡಿದು, ನೋಡಲಿಲ್ಲ.

ಭಾನುವಾರ ಬೆಳಿಗ್ಗೆ ಸೀನಣ್ಣನ ಹೋಟೆಲಿನ ಅಟ್ಟದಲ್ಲಿ ಕಮಿಟಿ ಸೇರಿತು. ಮಾತು ತುಳುವಿನಲ್ಲಿ, ಠರಾವು ಕನ್ನಡದಲ್ಲಿ, ಜಗಳ ಹಿಂದಿಯಲ್ಲಿ. ಅದು ಅಲ್ಲಿನ ಪದ್ಧತಿ. ಅಧ್ಯಕ್ಷ ಐತಪ್ಪ ಶೆಟ್ಟರು ಹೆಂಡತಿ ಶೀಲಾವತಿಯವರ ಜೊತೆ ಬಂದಿದ್ದರು. ರಾಜೀವಿ ಪುಟಗಳನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. ಮೊದಲ ಪುಟದಲ್ಲಿ ಐತಪ್ಪ ಶೆಟ್ಟರೇ ದೊಡ್ಡದಾಗಿ ನಗುತ್ತಿದ್ದರು, ಸುತ್ತ ಮಲ್ಲಿಗೆ.

ಕೆಳಗೆ ಅಡುಗೆಮನೆಯಲ್ಲಿ ದೋಸೆಯ ಕಾವಲಿಗೆ ನೀರು ಚಿಮುಕಿಸಿದ ಸದ್ದು ಮೇಲಕ್ಕೆ ಕೇಳಿತು.

ಬೊರಿವಿಲಿಯ ಸದಸ್ಯರೊಬ್ಬರು ಕೊನೆಗೆ ಬಾಯಿ ಬಿಟ್ಟರು. "ಐತಪ್ಪಣ್ಣ, ನಿಮ್ಮ ಬೊಜ್ಜದ ಊಟಕ್ಕೆ ನಮಗೆ ಕರೆಯೇ ಇಲ್ಲ."

ಬೊಜ್ಜ ಎಂದರೆ ಸತ್ತವರ ಹದಿಮೂರನೆಯ ದಿನ. ಅಟ್ಟದಲ್ಲಿ ನಗು ಒಡೆಯಿತು.

"ಗಲ್ಲಾದ ಹಿಂದೆ ಮೊಳೆ ಹೊಡೆಸ್ಲಿಕ್ಕೆ ಹೇಳ್ತೇನೆ," ಅಂದರು ಇನ್ನೊಬ್ಬರು. "ಅಪ್ಪನ ಪಕ್ಕ ಜಾಗ ಉಂಟಲ್ಲ?"

"ನಗ್ಬೇಡ ಮಾರಾಯ. ಮುಂದಿನ ಪುಟದಲ್ಲಿ ನೀನೂ ಹೋಗಿದ್ದಿ."

ರಾಜೀವಿಗೆ ಆಗ ಕಂಡಿತು. ಅವಳು ಹುಟ್ಟಿದಾಗಿನಿಂದ ನೋಡುತ್ತ ಬಂದಿದ್ದ ಪ್ರತಿ ಹೋಟೆಲಿನಲ್ಲೂ ಗಲ್ಲಾದ ಮೇಲೆ ಒಂದು ಫೋಟೋ ಇರುತ್ತಿತ್ತು, ಫೋಟೋಗೆ ಹೂವಿನ ಮಾಲೆ ಇರುತ್ತಿತ್ತು, ಆ ಹೂವಿನ ಅರ್ಥ ಒಂದೇ ಆಗಿತ್ತು. ಕಿಟಕಿ ಖಾಲಿ ಇದ್ದಾಗ ಮೂವರು ನೋಡಿದ್ದರು, ಮೂವರಿಗೂ ಹೂವು ಮಾತ್ರ ಕಂಡಿತ್ತು. ಒಳಗೆ ಒಂದು ಮುಖ ಬಂದ ಮೇಲೆ ನೋಡಬೇಕಾದವಳು ತಾನು, ನೋಡಿರಲಿಲ್ಲ.

ನಗುವುದಾದರೆ ನಕ್ಕು ಮುಗಿಸಬಹುದಿತ್ತು. ಆದರೆ ಶೀಲಾವತಿ ನಗಲಿಲ್ಲ. ಗಂಡನ ಪುಟವನ್ನು ತೆಗೆದು, ಮುಖ ಕೆಳಗೆ ಮಾಡಿ, ಮೇಜಿನ ಮೇಲಿಟ್ಟರು. ಹೋದ ವರ್ಷ ಗಂಡ ಆಸ್ಪತ್ರೆಯಲ್ಲಿದ್ದಾಗ ಅವರಿಗೆ ಹೊರಗೆ ಕಾದು ಕೂತ ದಿನಗಳಿದ್ದವು. ಅಲ್ಲಿದ್ದವರಿಗೆಲ್ಲ ಅದು ಗೊತ್ತಿತ್ತು. ನಗು ತಾನಾಗಿ ನಿಂತಿತು.

"ಹೋದ ಸಲದ ಸಂಚಿಕೆ ಪರೇಲಿನ ಪ್ರೆಸ್ಸಿನವರು ಮಾಡಿದ್ರು," ಅಂದರು ಖಜಾಂಚಿ. "ಚಂದ ಇರ್ಲಿಲ್ಲ, ಸರಿ. ಆದ್ರೆ ಯಾರನ್ನೂ ಕೊಂದಿರ್ಲಿಲ್ಲ. ಫೋಟೋ ಎಲ್ಲ ವಾಪಸ್ ತೆಗೆದುಕೊಂಡು ಅವರಿಗೇ ಕೊಡುವ."

ಸೀನಣ್ಣ ತಲೆ ಕೆರೆದುಕೊಂಡರು. "ನಾನೇ ಪಾಸ್ ಮಾಡಿದ್ದು ಅದನ್ನು."

"ತಪ್ಪು ನಂದು ಸೀನಣ್ಣ," ಅಂದಳು ರಾಜೀವಿ. "ಶೀಲಾವತಕ್ಕ, ನೀವು ಆ ಪುಟ ನನಗೆ ಕೊಡಿ, ಹರಿದು ಹಾಕ್ತೇನೆ. ನಾಳೆ ಸಂಜೆಯವರೆಗೆ ಟೈಮ್ ಕೊಡಿ. ಎಲ್ಲ ಸದಸ್ಯರದ್ದೂ ಹೊಸ ಚೌಕಟ್ಟಿನಲ್ಲಿ ತರ್ತೇನೆ. ಸರಿ ಕಾಣದಿದ್ರೆ ಮಂಗಳವಾರ ಪರೇಲಿಗೆ ಕೊಡಿ, ನಾನೇ ಹೊತ್ತುಕೊಂಡು ಹೋಗಿ ಕೊಟ್ಟು ಬರ್ತೇನೆ."

"ಎಲ್ಲರದ್ದೂ?" ಖಜಾಂಚಿಗೆ ನಂಬಿಕೆಯಾಗಲಿಲ್ಲ. "ನಾಲ್ಕು ಪುಟಕ್ಕೆ ಎರಡು ವಾರ ತೆಗೆದುಕೊಂಡಿದ್ದಿ."

"ಎರಡು ವಾರ ನಾಲ್ಕು ಪುಟಕ್ಕೆ ಹೋದದ್ದಲ್ಲ," ಅಂದಳು ರಾಜೀವಿ. ಅದಕ್ಕಿಂತ ಹೆಚ್ಚು ವಿವರಿಸಲಿಲ್ಲ. ಐತಪ್ಪ ಶೆಟ್ಟರು ಹೂಂ ಅಂದರು.

ಸೋಮವಾರ ಬೆಳಿಗ್ಗೆ ಅವಳು ನಡೆದದ್ದನ್ನೆಲ್ಲ ಸತ್ಯಮೂರ್ತಿಯವರಿಗೆ ಒಂದೂ ಬಿಡದೆ ಹೇಳಿದಳು. ಅವರು ಕೂಗಾಡಲಿಲ್ಲ. ಕನ್ನಡಕ ತೆಗೆದು ಒರೆಸಿದರು.

"ನಾನೂ ಹೂವಿನ ಕೀಲು ನೋಡ್ತಾ ಕೂತೆ, ಅರ್ಥ ನೋಡ್ಲಿಲ್ಲ. ಇರ್ಲಿ. ಆದ್ರೆ ಮಾತು ಮಾತೇ ಕಣಮ್ಮ. ಆಪರೇಟರ್‌ಗೆ ನಾಳೆ ಬಾ ಅಂತ ಹೇಳಿಡ್ತೀನಿ. ಇವತ್ತು ಸಂಜೆ ಅವರು ಒಪ್ಪಿದ್ರೆ ನೀನು, ಇಲ್ದಿದ್ರೆ ಅವನು."

"ಸರಿ ಸಾರ್."

ಮೆಷಿನ್ ಬಿಸಿಯಾಗುವಷ್ಟರಲ್ಲಿ ಅವಳು ಯೋಚಿಸಿ ನೋಡಿದಳು. ಹೂವು ಬೇಡ. ಮರದ ಕೆತ್ತನೆಯೂ ಬೇಡ, ಅದೂ ಗೋಡೆಗೆ ಹತ್ತಿಸಿದ ಹಾಗೆ. ಬಳ್ಳಿ, ಸುರುಳಿ ಹಾಕಿದರೆ ಮದುವೆಯ ಕಾಗದ. ಬರೀ ಗೆರೆ ಎಳೆದರೆ ಪರೇಲಿನವರಿಗೂ ತನಗೂ ವ್ಯತ್ಯಾಸವೇನು? ಇರುವವರಿಗೆ, ಓಡಾಡುವವರಿಗೆ, ನಾಳೆ ಬೆಳಿಗ್ಗೆ ಎದ್ದು ಹಿಟ್ಟು ರುಬ್ಬಿಸುವವರಿಗೆ ಎಂಥ ಚೌಕಟ್ಟು?

ಎದುರಿಗೆ ನೀಲಾಬಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಪುಟಕ್ಕೆ ಅಂಟು ಬಳಿಯುತ್ತಿದ್ದಳು. ಇಳಕಲ್ಲಿನ ಸೀರೆ. ಅಗಲ ಅಂಚು, ಅದರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿ ಇಳಿಯುವ ನೇಯ್ಗೆ.

"ನೀಲಕ್ಕ, ಸ್ವಲ್ಪ ಇಲ್ಲಿ ಬನ್ನಿ. ನಿಮ್ಮ ಸೆರಗು ಬೇಕು."

"ಬಿಚ್ಚಿ ಕೊಡ್ಲೇನು? ಸಾಹೇಬರು ಇಲ್ಲೇ ಕುಂತಾರ."

"ಬಿಚ್ಚುವುದು ಬೇಡ. ನಿಂತ್ಕೊಳ್ಳಿ ಸಾಕು."

ನೀಲಾಬಾಯಿ ಸ್ಕ್ಯಾನರಿಗೆ ಬೆನ್ನು ಕೊಟ್ಟು ನಿಂತಳು. ರಾಜೀವಿ ಸೆರಗಿನ ಅಂಚನ್ನು ಗಾಜಿನ ಮೇಲೆ ಹಾಸಿ, ಸುಕ್ಕು ತೀಡಿ, ಮೇಲೊಂದು ದಪ್ಪ ಪುಸ್ತಕ ಇಟ್ಟಳು. ಗಾಜಿನಡಿ ದೀಪ ಗುರ್ ಎಂದು ಮೆಲ್ಲಗೆ ತೆವಳಿತು. ನೀಲಾಬಾಯಿ ಉಸಿರು ಹಿಡಿದಳು.

"ನನ್ನೂ ಒಳಗ ಎಳಕೋತೈತೇನು ಇದು?"

"ಎಳೆದುಕೊಂಡ್ರೆ ಸಂಚಿಕೆಯಲ್ಲಿ ನೀವೂ ಬರ್ತೀರಿ."

ಸತ್ಯಮೂರ್ತಿ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದರು. ಪತ್ರಿಕೆ ಅಲುಗುತ್ತಿತ್ತು.

ತೆರೆಯ ಮೇಲೆ ಅಂಚು ಬಂತು. ಜರಿಯ ಎಳೆಗಳು ಬೆಳಕಿಗೆ ಕಪ್ಪಾಗಿ ಬಿದ್ದಿದ್ದವು. ರಾಜೀವಿ ಆ ಭಾಗ ಬಿಟ್ಟು ನೂಲಿನ ಪಟ್ಟಿಯನ್ನಷ್ಟೇ ಆರಿಸಿದಳು. ಸೀರೆಯ ಅಂಚು ನೇರವಾಗಿ ಹೋಗುತ್ತದೆ, ಮೂಲೆ ತಿರುಗುವುದು ಅದಕ್ಕೆ ಗೊತ್ತಿಲ್ಲ. ಬಡಗಿ ಫೋಟೋದ ಕಟ್ಟಿಗೆ ಮರವನ್ನು ಓರೆಯಾಗಿ ಕೊಯ್ದು ಜೋಡಿಸುವಂತೆ ಅವಳು ಪಟ್ಟಿಯನ್ನು ಓರೆಯಾಗಿ ಕತ್ತರಿಸಿ, ಇನ್ನೊಂದನ್ನು ಮಗುಚಿ ಕೂಡಿಸಿದಳು. ಮೊದಲ ಸಲ ಮೆಟ್ಟಿಲುಗಳು ಮೂಲೆಯಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆದವು. ಏರಿಕೆಯ ತುದಿ ಸರಿಯಾಗಿ ಮೂಲೆಯಲ್ಲೇ ಬರುವಂತೆ ಅರ್ಧ ಮೆಟ್ಟಿಲು ಸರಿಸಿದಾಗ ನಾಲ್ಕು ಮೂಲೆಗೂ ನಾಲ್ಕು ಗೋಪುರ ಎದ್ದು ನಿಂತವು. ಕಿಟಕಿಯ ಮಾಸ್ಕ್ ಹೊಸದಾಗಿ ಮಾಡಬೇಕಾಗಲಿಲ್ಲ. ಮಲ್ಲಿಗೆಯ ಫೈಲಿನಿಂದ ಅದನ್ನೇ ತಂದಿಟ್ಟಳು. ಅದೇ ಅಳತೆ, ಅದೇ ಜಾಗ.

ಈ ಸಲ ಅವಳು ಖಾಲಿ ಚೌಕಟ್ಟನ್ನು ಯಾರಿಗೂ ತೋರಿಸಲಿಲ್ಲ. ಒಳಗೆ ಐತಪ್ಪ ಶೆಟ್ಟರನ್ನು ಕೂರಿಸಿ, ಪ್ರಿಂಟ್ ತೆಗೆದು, ಗೋಡೆಗೆ ಅಂಟಿಸಿ, ಬಾಗಿಲವರೆಗೆ ಹಿಂದೆ ಹೋಗಿ ನೋಡಿದಳು. ಶೆಟ್ಟರು ಜೀವಂತ ಇದ್ದರು.

ಸತ್ಯಮೂರ್ತಿ ಎದ್ದು ಹತ್ತಿರ ಹೋದರು. "ಮುಖ ಚೆನ್ನಾಗಿದೆ. ಅಂಚಲ್ಲಿ ಅಲೆ ಬರ್ತಾ ಇದೆ ನೋಡು."

ನಿಜ. ನೇಯ್ಗೆಯ ಎಳೆಗಳೂ ಅಚ್ಚಿನ ಚುಕ್ಕಿಗಳೂ ಒಂದರ ಮೇಲೊಂದು ಬಿದ್ದು, ಬಟ್ಟೆಯ ಮೇಲೆ ನೀರು ಹರಿದ ಹಾಗೆ ಕಾಣುತ್ತಿತ್ತು.

"ಪತ್ರಿಕೇಲಿ ಚೌಕಳಿ ಷರಟಿನ ಮಂತ್ರಿಗಳು ಬಂದಾಗೆಲ್ಲ ಇದೇ ಗೋಳು," ಅಂದರು ಅವರು. "ಎಳೆ ಕಾಣದಷ್ಟು ಮಾತ್ರ ಮಸುಕು ಮಾಡು. ಮೆಟ್ಟಿಲು ಕೆಡದ ಹಾಗೆ. ಒಂದು ಕೂದಲು ಜಾಸ್ತಿ ಆದ್ರೂ ಬಟ್ಟೆ ಹೋಗಿ ಸಿಮೆಂಟ್ ಆಗುತ್ತೆ."

ಮೂರನೆಯ ಪ್ರಯತ್ನಕ್ಕೆ ಅಲೆ ಹೋಯಿತು, ಬಟ್ಟೆ ಉಳಿಯಿತು. ರಾಜೀವಿ ಆ ಫೈಲಿಗೆ ಬೀಗ ಹಾಕಿದಳು. ತೆರೆಯಬಹುದು, ತಿದ್ದಬಹುದು, ಅದೇ ಹೆಸರಿನಲ್ಲಿ ಉಳಿಸಲು ಮಾತ್ರ ಮೆಷಿನ್ ಬಿಡುವುದಿಲ್ಲ.

ಆಮೇಲೆ ನಡೆದದ್ದು ಸತ್ಯಮೂರ್ತಿ ತಮ್ಮ ವೃತ್ತಿಯಲ್ಲಿ ಕಂಡಿರದ ಕೆಲಸ. ಮೊದಲ ವಾರವೆಲ್ಲ ಒಂದೇ ಅಳತೆಗೆ ತಂದು, ಕಣ್ಣಿನ ಗೆರೆ ಕೂಡಿಸಿ ಇಟ್ಟಿದ್ದ ಫೋಟೋಗಳು ಒಂದೊಂದಾಗಿ ಬಂದು, ಕಿಟಕಿಯೊಳಗೆ ಬಿದ್ದು, ಬಿದ್ದ ಕಡೆಯೇ ಸರಿಯಾಗಿ ಕೂತವು. ಸರಿಸುವುದಿಲ್ಲ, ಹಿಗ್ಗಿಸುವುದಿಲ್ಲ. ಚೌಕಟ್ಟು ತೆರೆ, ಕಿಟಕಿ ಕರೆ, ಅಂಟಿಸು, ಬೇರೆ ಹೆಸರಿನಲ್ಲಿ ಉಳಿಸು. ಗೋರೆಗಾಂವ್ ಮುಗಿಯಿತು, ಮಲಾಡ್ ಮುಗಿಯಿತು. ಒಮ್ಮೆ ಕೈ ತಪ್ಪಿ ಬರೀ ‘ಸೇವ್’ ಒತ್ತಿದಳು. ಬೀಗ ಇದೆ ಎಂದು ಮೆಷಿನ್ ಪೀಂ ಅಂದಿತು. ಹೆಗಲ ಮೇಲೆ ಯಾರದೋ ಕೈ ಉಳಿದಿದ್ದವರ ಆ ಕೈ ಕಿಟಕಿಯ ಹೊರಗೆ ಮಾಯವಾಯಿತು. ಸತ್ಯಮೂರ್ತಿ ತಾವೇ ಪ್ರಿಂಟರಿಗೆ ಕಾಗದ ತುಂಬುತ್ತ, ಬಿಸಿ ಹಾಳೆಗಳನ್ನು ಎತ್ತಿ ನೀಲಾಬಾಯಿಗೆ ಕೊಡುತ್ತ ನಿಂತರು. ನೀಲಾಬಾಯಿ ಹೆಸರಿನ ಪಟ್ಟಿಗಳನ್ನು ಫೋಟೋಗಳ ಕೆಳಗೆ ಅಂಟಿಸಿದಳು.

"ಎಲ್ಲಾರೂ ನನ್ನ ಸೀರಿ ಉಟ್ಕೊಂಡಾರ," ಅಂದಳು ನೀಲಾಬಾಯಿ, ಪುಟ ತಿರುಗಿಸುತ್ತ. "ದೊಡ್ಡ ದೊಡ್ಡ ಸೇಟುಗಳು."

ಮಧ್ಯಾಹ್ನದ ಚಹಾದ ಹೊತ್ತಿಗೆ ಇರುವವರೆಲ್ಲ ಮುಗಿದರು. ಉಳಿದದ್ದು ಅಗಲಿದ ಹಿರಿಯರ ಒಂದು ಪುಟ. ಸಂಘ ಕಟ್ಟಿದವರು, ಐತಪ್ಪ ಶೆಟ್ಟರ ತಂದೆ ಮೊದಲಾದವರು. ರಾಜೀವಿ ಮಲ್ಲಿಗೆಯ ಫೈಲಿಗೂ ಬೀಗ ಹಾಕಿ, ಅದನ್ನು ತೆರೆದಳು.

ಸಂಜೆ ಕಾಂದಿವಲಿಯಿಂದ ಮಲಾಡಿಗೆ ಒಂದೇ ಸ್ಟೇಷನ್. ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಲಕೋಟೆಯನ್ನು ಎದೆಗವಚಿಕೊಂಡು ನಿಂತವಳಿಗೆ ಇಳಿಯುವುದೇ ಕಷ್ಟವಾಯಿತು. ಸೀನಣ್ಣನ ಅಟ್ಟದಲ್ಲಿ ಅದೇ ಕಮಿಟಿ, ಜೊತೆಗೆ ಸುದ್ದಿ ಕೇಳಿ ತಮಾಷೆ ನೋಡಲು ಬಂದ ಮುಲುಂದಿನ ಸಂಘದ ಇಬ್ಬರು. ರಾಜೀವಿ ಪುಟಗಳ ಕಟ್ಟನ್ನು ಐತಪ್ಪ ಶೆಟ್ಟರಿಗೆ ಕೊಡಲಿಲ್ಲ, ಶೀಲಾವತಿಯವರ ಮುಂದಿಟ್ಟಳು.

ಶೀಲಾವತಿ ಮೊದಲ ಹಾಳೆ ಎತ್ತಿದರು. ದೂರ ಹಿಡಿದರು, ಹತ್ತಿರ ತಂದರು. ಅಂಚಿನ ಮೇಲೆ ಬೆರಳಾಡಿಸಿದರು, ಬಟ್ಟೆಯೇ ಇದೆಯೇನೋ ಎಂಬಂತೆ.

"ಸನ್ಮಾನ ಮಾಡಿ ಶಾಲು ಹೊದೆಸಿದ ಹಾಗೆ ಉಂಟು," ಅಂದರು. ಗಂಡನ ಕಡೆ ತಿರುಗಿ, "ನೋಡಿ, ಮುಂದಿನ ತಿಂಗಳು ಸಂಘದ ಸಂಭ್ರಮದಲ್ಲಿ ನಿಮಗೆ ಹಾಕುವ ಶಾಲು ಇವಳು ಇವತ್ತೇ ಹಾಕಿದ್ದಾಳೆ."

ಐತಪ್ಪ ಶೆಟ್ಟರು ನೋಡಿ, ಮೀಸೆ ನೀವಿದರು. ಹಾಳೆಗಳು ಕೈಯಿಂದ ಕೈಗೆ ಹೋದವು. ಈಗ ಯಾರೂ ಸುಮ್ಮನಿರಲಿಲ್ಲ. ನನ್ನದು ಯಾವ ಪುಟ, ಕಣ್ಣು ಎಷ್ಟು ಚಂದ ಬಂದಿದೆ, ಇವನ ಬೊಕ್ಕತಲೆಗೂ ಕಳೆ ಬಂದಿದೆ. ಖಜಾಂಚಿ ಕೊನೆಯ ಹಾಳೆಯವರೆಗೂ ತಿರುಗಿಸಿ, ಒಂದು ಹೆಸರೂ ಬಿಟ್ಟಿಲ್ಲವೆಂದು ಖಾತ್ರಿ ಮಾಡಿಕೊಂಡು, "ಒಂದೇ ದಿನದಲ್ಲಿ?" ಅಂದರು.

"ಚೌಕಟ್ಟು ಒಂದೇ ಅಲ್ವಾ," ಅಂದಳು ರಾಜೀವಿ.

ಕೊನೆಗೆ ಹಿರಿಯರ ಪುಟ ಬಂತು. ಮಲ್ಲಿಗೆಯ ನಡುವೆ ಹಳಬರು ಕೂತಿದ್ದರು. ಶೀಲಾವತಿ ಮಾವನ ಮುಖವನ್ನು ಬಹಳ ಹೊತ್ತು ನೋಡಿದರು. "ಇಲ್ಲಿ ಇದೇ ಸರಿ," ಅಂದರು. "ಇದನ್ನು ದೊಡ್ಡದು ಮಾಡಿ ನಮ್ಮ ಹೋಟೆಲಿಗೆ ಒಂದು ಕೊಡು."

"ಆ ಫ್ರೇಮು ಜೋಪಾನ ಇರ್ಲಿ ರಾಜೀವಿ," ಅಂದರು ಐತಪ್ಪ ಶೆಟ್ಟರು. "ಒಂದಲ್ಲ ಒಂದು ದಿನ ಎಲ್ಲರಿಗೂ ಬೇಕಾಗ್ತದೆ."

"ಬೀಗ ಹಾಕಿ ಇಟ್ಟಿದ್ದೇನೆ ಐತಪ್ಪಣ್ಣ. ನೀವು ಅವಸರ ಮಾಡ್ಬೇಡಿ."

ಈ ಸಲ ಮೊದಲು ನಕ್ಕವರು ಶೀಲಾವತಿ. ಸಂಚಿಕೆಯ ಫೋಟೋ ಪುಟಗಳು ಇದ್ದಂತೆಯೇ ಅಚ್ಚಿಗೆ ಹೋಗಲಿ ಎಂದು ಸೀನಣ್ಣ ಠರಾವು ಬರೆದುಕೊಂಡರು. ಅದಕ್ಕೆ ವಿರೋಧ ಬರಲಿಲ್ಲ, ಹಿಂದಿಯೂ ಬೇಕಾಗಲಿಲ್ಲ.

ರಾಜೀವಿ ಕೆಳಗಿಳಿದು ಗಲ್ಲಾದ ಫೋನಿನಿಂದ ಕಾಂದಿವಲಿಗೆ ಕರೆ ಮಾಡಿದಳು. ಸತ್ಯಮೂರ್ತಿ ಮೊದಲ ರಿಂಗಿಗೇ ಎತ್ತಿದರು. ಮನೆಗೆ ಹೋಗದೆ ಕಾದಿದ್ದರು.

"ಒಪ್ಪಿದ್ರು ಸಾರ್. ಒಂದು ಪುಟ ಕೂಡ ಬದಲಿಲ್ಲ."

"ಸರಿ. ಹಾಗಾದ್ರೆ ಆ ಆಪರೇಟರ್‌ಗೆ ಬರ್ಬೇಡ ಅಂತ ಹೇಳ್ತೀನಿ. ಮೆಷಿನ್ನು ನಿಂದು ಕಣಮ್ಮ."

ರಾಜೀವಿ ತಿರುಗಿ ನೋಡಿದಳು. ಮುಲುಂದಿನ ಇಬ್ಬರೂ ಅವಳ ಬೆನ್ನಿಗೇ ಇಳಿದು ಬಂದಿದ್ದರು. ಅವರ ಸಂಘಕ್ಕೂ ವಾರ್ಷಿಕೋತ್ಸವವಂತೆ, ಸಂಚಿಕೆಯಂತೆ, ಫೋಟೋಗಳು ಚೀಲದಲ್ಲೇ ಇವೆಯಂತೆ.

"ಬರ್ಲಿ ಸಾರ್, ಬೇಡ ಅನ್ಬೇಡಿ," ಅಂದಳು. "ಇನ್ನೊಂದು ಮೆಷಿನ್ ನೋಡಿ. ನಾನೊಬ್ಬಳಿಂದ ಆಗುವ ಹಾಗೆ ಕಾಣುವುದಿಲ್ಲ."

ಫೋನಿಟ್ಟು, ಹತ್ತಿರದ ಮೇಜಿನಲ್ಲಿ ಕೂತು, ಮುಲುಂದಿನವರನ್ನೂ ಕೂರಿಸಿದಳು. ಸೀನಣ್ಣ ಕೇಳದೆಯೇ ಮೂರು ಕಾಫಿ ಕಳಿಸಿದರು. ಹಿರಿಯನಾದವನು ಚೀಲದಿಂದ ಫೋಟೋಗಳ ಕಟ್ಟು ತೆಗೆದು ಅವಳ ಮುಂದೆ ಸರಿಸಿದ. ರಾಜೀವಿ ಕಟ್ಟನ್ನು ಬಿಚ್ಚುವ ಮೊದಲು ಕೇಳಿದಳು.

"ಇದರಲ್ಲಿರುವವರೆಲ್ಲ ಇನ್ನೂ ಇದ್ದಾರಲ್ಲ?"